ದಾಸಮ್ಮನ ಗೂಟದ ಚಪ್ಪಲಿಗಳು

ನಟರಾಜು ಮೊದಲ ಸಲ ದಾಸಮ್ಮನನ್ನು ಕಂಡಾಗ ಆಕೆ ಹಳೇ ಚಪ್ಪಲಿ ಮಾರುವವಳೆಂದೇ ತಿಳಿದ.

ಹಾಗೆ ತಿಳಿಯಲು ಕಾರಣವೂ ಇತ್ತು. ಕನಕಪುರದಿಂದ ಕಬ್ಬಾಳಿನ ಕಡೆಗೆ ಹೋಗುವ ರಸ್ತೆಯಲ್ಲಿ, ಫಾಲ್ಸಿಗೆ ಇಳಿಯುವ ಕಾಲುದಾರಿ ಒಡೆಯುವ ತಿರುವಿನಲ್ಲಿ ಅವಳ ತಗಡಿನ ಗುಡಿಸಲಿದೆ. ಎದುರಿಗೆ ಹಲಗೆಯ ಮೇಲೆ ಸೌತೆಕಾಯಿ, ಉಪ್ಪುಖಾರದ ಬಟ್ಟಲು, ಒದ್ದೆ ಬಟ್ಟೆ ಸುತ್ತಿದ ಮಜ್ಜಿಗೆ ಗಡಿಗೆ. ಒಳಗೆ, ಹಿಂಬದಿಯ ತೊಲೆಯ ಉದ್ದಕ್ಕೂ ಬಡಿದ ಗೂಟಗಳು. ಗೂಟಕ್ಕೊಂದು ಜೊತೆ ಚಪ್ಪಲಿ. ರಬ್ಬರಿನದು, ಚರ್ಮದ್ದು, ಎತ್ತರ ಹಿಮ್ಮಡಿಯ ಹೆಂಗಸರದು, ಕಾಲೇಜು ಹುಡುಗರು ಹಾಕುವ ಬಿಳಿ ಶೂ. ಎಲ್ಲದರ ಮೇಲೂ ಧೂಳು ಕೂತಿತ್ತು. ಆದರೆ ಯಾವುದೂ ಅಷ್ಟಾಗಿ ಸವೆದಿರಲಿಲ್ಲ.

ನಟರಾಜುವಿನ ಕಣ್ಣು ಒಂದು ಕಂದು ಬಣ್ಣದ ಸ್ಯಾಂಡಲ್ಲಿನ ಮೇಲೆ ಬಿತ್ತು. ಮಜ್ಜಿಗೆ ಲೋಟ ಕೈಯಲ್ಲಿ ಹಿಡಿದೇ ಒಳಗೆ ಹೋದ, ಯಾರನ್ನೂ ಕೇಳದೆ ಜೊತೆಯನ್ನು ಕೆಳಗಿಳಿಸಿದ, ತನ್ನದನ್ನು ಕಳಚಿ ಬಲಗಾಲು ತೂರಿಸಿಯೂಬಿಟ್ಟ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

"ಏನಮ್ಮಾ, ಇದಕ್ಕೇನು ರೇಟು?"

ದಾಸಮ್ಮ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿದಳು. ಅವನ ಮುಖ ನೋಡಲಿಲ್ಲ, ಕಾಲು ನೋಡಿದಳು. "ತೆಗೀರಿ ಸ್ವಾಮಿ ಕಾಲ. ಅವು ಕೊಡೋವಲ್ಲ."

"ಕೊಡೋವಲ್ದಿದ್ರೆ ಅಂಗಡೀಲಿ ಯಾಕಮ್ಮಾ ನೇತಾಕ್ತೀಯ? ನ್ಯಾಯವಾಗಿ ಒಂದು ರೇಟ್ ಯೋಳು. ನಾನು ಚೌಕಾಸಿ ಮಾಡೋನಲ್ಲ."

"ಅವು ಇನ್ನೊಬ್ರವು. ತೆಗೀರಿ ಅಂದೆ."

ಎರಡನೇ ಸಲ ಅಂದ ರೀತಿಯಲ್ಲಿ ಏನೋ ಇತ್ತು. ನಟರಾಜು ಕಾಲು ತೆಗೆದ. ಬೈಕು ಹತ್ತಿ ಮಾಗಡಿ ಮುಟ್ಟುವಷ್ಟರಲ್ಲಿ ಮಾತ್ರ ವಿಷಯವನ್ನು ಪೂರ್ತಿ ಬಿಡಿಸಿಕೊಂಡಿದ್ದ. ಮುದುಕಿ ಅಕ್ಕಯ್ಯಮ್ಮ ಎಂಬ ಯಾವುದೋ ದೇವರ ಹೆಸರು ಹೇಳಿ ಫಾಲ್ಸಿಗೆ ಇಳಿಯುವವರ ಕಾಲಿನಿಂದ ಚಪ್ಪಲಿ ಬಿಡಿಸುತ್ತಾಳೆ, ಚೆನ್ನಾಗಿರುವುದನ್ನು ಒಳಗೆ ಸೇರಿಸುತ್ತಾಳೆ, ಗುರುತಿನವರಿಗೆ ಮಾರಿಕೊಳ್ಳುತ್ತಾಳೆ. ಊರಿಗೇ ಗೊಬ್ಬರ ಮಾರುವವನಿಗೆ ವ್ಯಾಪಾರದ ಒಳಗುಟ್ಟು ಇನ್ನೊಬ್ಬರು ಹೇಳಿಕೊಡಬೇಕೆ? ಆದರೂ ಬಲಗಾಲಿನ ಪಾದ ಮಾತ್ರ ಅವತ್ತೆಲ್ಲ ಯಾಕೋ ತಣ್ಣಗೇ ಇತ್ತು.

ಈ ನಟರಾಜು ಗುಡೇಮಾರನಹಳ್ಳಿಯ ಬೇಸಾಯದ ಮನೆಯವನು, ಮಾಗಡಿಯಲ್ಲಿ ಗೊಬ್ಬರದ ಅಂಗಡಿ. ರಕ್ತದಲ್ಲಿ ಸಕ್ಕರೆ ಕಂಡು ಡಾಕ್ಟರು "ದಿನಾ ಒಸಿ ನಡೀರಿ" ಎಂದಿದ್ದರು. ಹಾಗೆಂದರೆ ಬೇರೆಯವರು ನಡೆಯುತ್ತಾರೆ. ನಟರಾಜು ಸಂಘ ಕಟ್ಟಿದ. ಅದಕ್ಕೆ 'ಉದಯ ನಡಿಗೆ ಬಳಗ' ಎಂದು ಹೆಸರಿಟ್ಟು, ತನ್ನನ್ನು ಸಂಸ್ಥಾಪಕ ಅಧ್ಯಕ್ಷನೆಂದು ಆರಿಸಿಕೊಂಡು, ಟೀ ಶರ್ಟಿನ ಬೆನ್ನ ಮೇಲೆ ಅದನ್ನು ಅಚ್ಚು ಹಾಕಿಸಿದ. ಹಿಂದೆ ನಡೆಯುವವರಿಗೆ ಓದಲು ಅನುಕೂಲವಾಗಲಿ ಎಂದು ಅಕ್ಷರ ದಪ್ಪ ಇತ್ತು. ಆದ್ದರಿಂದ ಅವನು ಸದಾ ಮುಂದೆಯೇ ನಡೆಯಬೇಕಾಗುತ್ತಿತ್ತು.

ಹೋದ ವರ್ಷ ಹೆಂಡತಿ ಭಾನುಪ್ರಿಯಳ ಜೊತೆ ಕರಾವಳಿಯ ಪ್ರವಾಸ ಹೋಗಿ ಬಂದಮೇಲೆ ಅವನಿಗೊಂದು ಹುಳ ಹೊಕ್ಕಿತು. ಅಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಫಾಲ್ಸು. ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದರೆ ಮುಗಿಯಿತು, ನೀರಿನ ಕೆಳಗೆ ನಿಂತು ಫೋಟೋ. "ನಮ್ಮ ಜಿಲ್ಲೇಗೇನ್ರೀ ಕಮ್ಮಿ? ಸಮುದ್ರ ಒಂದಿಲ್ಲ ಅಷ್ಟೇ!" ಎಂದು ಬಳಗದ ಸಭೆಯಲ್ಲಿ ಮೇಜು ಗುದ್ದಿದ. ಹಾಗೆ ಗೊತ್ತಾದದ್ದು ಈ ಕಾರ್ಯಕ್ರಮ: 'ಕಿರುನಡಿಗೆ, ಹಿರಿಜಲಧಾರೆ'. ಬ್ಯಾನರಿನ ಸಾಲು ಅವನದೇ. ಮೊದಲು ಒಬ್ಬನೇ ಬಂದು ಚಪ್ಪಲಿಗೆ ರೇಟು ಕೇಳಿ ಹೋದದ್ದು ಅದರ 'ಸ್ಥಳ ಪರಿಶೀಲನೆ'ಗೆ.

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಭಾನುವಾರ ಮಧ್ಯಾಹ್ನ ಬಳಗ ಬಂದಿಳಿಯಿತು. ಮಕ್ಬೂಲ್ ಓಡಿಸುವ ಟೆಂಪೋ ಟ್ರಾವೆಲರ್ ಒಂದು, ರಾಮಲಿಂಗಯ್ಯನ ಕಾರು ಒಂದು. ರಾಮಲಿಂಗಯ್ಯ ಬಳಗದ ಹಿರಿಯ ಸದಸ್ಯ, ನಟರಾಜುವಿನ ಊರಿನವನೇ, ಅಧ್ಯಕ್ಷಗಿರಿ ತಪ್ಪಿಸಿಕೊಂಡು ಆರಾಮಾಗಿದ್ದವನು. ಭಾನುಪ್ರಿಯ ಬಂದಿರಲಿಲ್ಲ. ಮನೆಯಲ್ಲಿ ಒಂದು ದಿನವಾದರೂ ಸದ್ದಿಲ್ಲದೆ ಇರಲಿ ಎಂದು ಮಂಡಿನೋವು ಹೇಳಿಕೊಂಡಿದ್ದಳು. ಫಾಲ್ಸು ನೋಡಿಕೊಂಡು ಕಬ್ಬಾಳಿಗೆ ಹೋಗುವುದು, ಅಲ್ಲಿ ಅಡಿಗೆಯವರು ಮುದ್ದೆ, ನಾಟಿ ಕೋಳಿ ಸಾರು ಮಾಡಿಟ್ಟಿರುತ್ತಾರೆ, ಅಧ್ಯಕ್ಷರ ಭಾಷಣವಾದ ಮೇಲೆ ಊಟ. ಇದು ಕಾರ್ಯಕ್ರಮ.

ಕಾಲುದಾರಿಯ ಬಾಯಲ್ಲಿ ಒಂದು ಚಪ್ಪಡಿ ಕಲ್ಲು. ಅದರ ಪಕ್ಕ ದಾಸಮ್ಮ ನಿಂತಿದ್ದಳು.

"ಬುಡಿ, ಬುಡಿ, ಮೆಟ್ಟಿರೋದ್ನೆಲ್ಲ ಇಲ್ಲೇ ಬುಡಿ. ಅಕ್ಕಯ್ಯಮ್ಮನ ಜಾಗ, ಎಕ್ಕಡ ಒಪ್ಪಲ್ಲ. ಮೇಲ್ಗಡೆ ಮೋಡ ಕಟ್ಟೈತೆ, ಬಿರ್ರನೆ ಓಗಿ ಬಿರ್ರನೆ ಬನ್ನಿ."

ಎಲ್ಲರೂ ಕಳಚಿದರು. ನಟರಾಜುವಿನ ಕಾಲಲ್ಲಿದ್ದದ್ದು ಹೊಸ ಶೂ, ಕಿತ್ತಳೆ ಬಣ್ಣದ್ದು, ಕತ್ತಲಲ್ಲಿ ಮಿಂಚುವಂಥದ್ದು. ಗೂಟದ ಸಾಲು ಅವನ ಕಣ್ಣ ಮುಂದೆ ಬಂತು. ನನ್ನ ಹತ್ರ ನಡಿಯಲ್ಲ ಇದು, ಅಂದುಕೊಂಡವನೇ ಟೆಂಪೋ ಹಿಂದಕ್ಕೆ ಸರಿದ.

"ಸಾಬ್ರೇ, ನಿಮ್ಮ ಚಪ್ಲಿ ಒಸಿ ಬುಡಿ."

ಮಕ್ಬೂಲ್ ಬೀಡಿ ಬಾಯಿಂದ ತೆಗೆದ. "ಯಾಕೆ ಸಾರ್? ನಾನೆಲ್ಲಿ ಇಳೀತೀನಿ? ಗಾಡಿ ತಾವೇ ಇರ್ತೀನಿ."

"ಅದಕ್ಕೇ ಕೇಳಿದ್ದು. ಗಾಡಿ ತಾವ ಇರೋರ್ಗೆ ಚಪ್ಲಿ ಯಾಕೆ?"

"ರೋಡು ಕಾದೈತೆ ಸಾರ್."

"ಒಳಗೆ ಕುಂತ್ಕಂಡು ಏಸಿ ಹಾಕ್ಕಳಿ."

"ಏಸಿ ಕೆಟ್ಟೈತೆ ಅಂತ ನೀವೇ ಬಾಡಿಗೆ ಇಳಿಸಿದ್ರಲ್ಲ ಸಾರ್."

ಇಷ್ಟು ಮಾತಾಗುವಷ್ಟರಲ್ಲಿ ಚಪ್ಪಲಿ ಅಧ್ಯಕ್ಷರ ಕೈಗೆ ಬಂದಿತ್ತು. ಒಂದರ ಉಂಗುಷ್ಠ ಕಿತ್ತು ತಂತಿ ಹಾಕಿದ್ದರು. ನಟರಾಜು ಅದನ್ನು ಎಲ್ಲರಿಗೂ ಕಾಣುವ ಹಾಗೆ ಚಪ್ಪಡಿಯ ಮೇಲೆ ಇಟ್ಟು, ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಗುಂಪಿನ ನಡುವೆ ಸೇರಿಕೊಂಡು ಶೂ ಸಮೇತ ಇಳಿದ. ದಾಸಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಅಷ್ಟು ಕಾಲುಗಳ ಮಧ್ಯೆ ಒಂದು ಜೊತೆ ಕಿತ್ತಳೆ ಅವಳಿಗೆ ಕಾಣಲಿಲ್ಲ.

"ಎಲ್ಲಾರೂ ಬುಟ್ರಾ?" ಎಂದು ಕೇಳಿದಳು.

"ಬುಟ್ವು ಕಣಮ್ಮಾ. ನಂಬಿಕೆ ಇಲ್ದಿದ್ರೆ ಎಣಿಸ್ಕೋ ಜನಾನ," ಎಂದು ನಟರಾಜು ಕೂಗಿದ.

"ಉಸಿರಾಡೋದ್ನ ಎಣಿಸಬಾರ್ದು ಸ್ವಾಮಿ," ಎಂದಳು ದಾಸಮ್ಮ.

ದಾರಿಯುದ್ದಕ್ಕೂ ನಟರಾಜು ಮಾತಾಡಿದ. ನಡಿಗೆಯಿಂದ ಹೃದಯಕ್ಕೆ ಏನು, ಮಂಡಿಗೆ ಏನು, ಸಮಾಜಕ್ಕೆ ಏನು. ಆ ದನಿ ಬಂಡೆಯಿಂದ ಬಂಡೆಗೆ ಬಡಿದು ಮೇಲೆ ರಸ್ತೆಯವರೆಗೂ ಕೇಳುತ್ತಿತ್ತು. ಅರ್ಧ ಇಳಿದ ಮೇಲೆ ರಾಮಲಿಂಗಯ್ಯ ಅವನ ಭುಜ ಹಿಡಿದ. ಅವನ ಹೆಂಡತಿಯ ತವರು ಕಬ್ಬಾಳು, ಈ ಕಡೆಯ ಸುದ್ದಿ ಅವನಿಗೆ ಗೊತ್ತು.

"ಲೇ, ಆ ಅಮ್ಮನ ಗುಡಿಸ್ಲಲ್ಲಿ ಎಕ್ಕಡ ನೇತಾಕವ್ಳಲ್ಲ, ನೋಡಿದೇನ್ಲಾ?"

"ನೋಡ್ದೆ, ನೋಡ್ದೆ. ರೇಟೂ ಕೇಳ್ದೆ. ಕಳ್ಳಮಾಲು."

"ಥೂ ನಿನ್ನ! ರೇಟ್ ಕೇಳಿದ್ಯಾ?" ರಾಮಲಿಂಗಯ್ಯ ನಿಂತೇಬಿಟ್ಟ. "ಅವು ವಾಪಸ್ ಬರ್ದೇ ಇದ್ದೋರವು ಕಣ್ಲಾ. ಇಳಿದೋರು ಅತ್ಲಿಲ್ಲ. ಎಕ್ಕಡ ಮೇಲೇ ಉಳೀತು."

ನಟರಾಜು ನಕ್ಕ. ನಗು ಅರ್ಧಕ್ಕೆ ಬಂದು, ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ ಹಲ್ಲಿನ ಮೇಲೇ ಉಳಿಯಿತು. ಶೂ ಒಳಗೆ ಬಲಗಾಲಿನ ಬೆರಳುಗಳು ತಾವಾಗಿಯೇ ಮುದುರಿಕೊಂಡವು. ಈಗಲೇ ಮೇಲೆ ಹೋಗಿ ಶೂ ಬಿಟ್ಟು ಬರಲೇ ಎಂದು ಒಂದು ಗಳಿಗೆ ಅನಿಸಿತು. ಆದರೆ ಹಿಂದೆ ಬರುತ್ತಿದ್ದವರೆಲ್ಲ ಅವನ ಬೆನ್ನು ಓದುತ್ತಿದ್ದರು. ಸಂಸ್ಥಾಪಕ ಅಧ್ಯಕ್ಷ ಎಂದು ಬರೆದುಕೊಂಡವನು ತಿರುಗುವುದು ಹೇಗೆ?

ರಾಮಲಿಂಗಯ್ಯ ಹೇಳಿದ್ದು ಅರ್ಧ. ಮಿಕ್ಕದ್ದು ನಟರಾಜುವಿಗೆ ಗೊತ್ತಾದದ್ದು ಆಮೇಲೆ, ದಾಸಮ್ಮನ ಬಾಯಿಂದಲೇ.

ಅವಳು ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು, ಕುರಿ ಸಾಕುವ ಮನೆಗೇ ಬಂದವಳು. ಸ್ವಂತಕ್ಕೆ ಒಂದು ಜೊತೆ ಚಪ್ಪಲಿ ಇಂದಿಗೂ ಇಲ್ಲ. ಸುಗ್ಗಿ ಮುಗಿದ ಮೇಲೆ ಅವಳೂ ಗಂಡ ಬಸವಯ್ಯನೂ ಮಂದೆ ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತಿದ್ದರು. ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ಕುರಿ ತಂಗಿಸಿಕೊಳ್ಳುತ್ತಿದ್ದರು, ರಾಗಿ ಅಳೆದು ಕೊಡುತ್ತಿದ್ದರು. ಸಂಜೆ ಕುರಿಗಳನ್ನು ತಡಿಕೆಯ ಒಳಗೆ ಬಿಡುವಾಗ ಗಂಡ ಹೆಂಡತಿ ಬಾಗಿಲ ಎರಡು ಕಡೆ ನಿಲ್ಲುತ್ತಿದ್ದರು. ಎಣಿಸುತ್ತಿರಲಿಲ್ಲ. ಎಣಿಸಿದರೆ ಮಂದೆ ಕರಗುತ್ತದೆ ಎಂದು ಅವರ ಮನೆಯ ನಂಬಿಕೆ. ಒಳಗೆ ಹೋಗುವ ಒಂದೊಂದರ ಮುಖ ನೋಡುವುದು, ಅಷ್ಟೇ. ಯಾವ ಮುಖ ಬರಲಿಲ್ಲವೋ ಅದನ್ನು ಹುಡುಕಿಕೊಂಡು ಬಸವಯ್ಯ ದೋಟಿ ಹೆಗಲಿಗಿಟ್ಟು ಹೊರಡುತ್ತಿದ್ದ. ದೋಟಿ ಎಂದರೆ ತುದಿಗೆ ಕೊಕ್ಕೆ ಕಟ್ಟಿದ ಉದ್ದನೆಯ ಬಿದಿರು, ಸೊಪ್ಪು ಎಳೆಯಲಿಕ್ಕೆ.

ಹೊಲಗಳಿಗೆ ಬೇಲಿ ಬಂತು, ಮಾವಿನ ತೋಪುಗಳಿಗೆ ಗೇಟು ಬಂತು. ಮಂದೆ ಮೂಟೆ ಗೊಬ್ಬರಕ್ಕೆ ಸೋತಿತು. ಬಸವಯ್ಯ ತೀರಿಕೊಂಡ. ಉಳಿದ ಕೆಲವು ಕುರಿ ಮಗ ಸಿದ್ದರಾಮುವಿನ ಪಾಲಾದವು. ದಾಸಮ್ಮ ರಸ್ತೆ ಪಕ್ಕ ಸೌತೆಕಾಯಿ ಹಿಡಿದು ಕೂತಳು.

ಆಗ ಅದಕ್ಕೆ ಫಾಲ್ಸು ಎಂಬ ಹೆಸರೇ ಇರಲಿಲ್ಲ. ಕುರಿದೊಣೆ ಅನ್ನುತ್ತಿದ್ದರು, ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯುವ ಮಡು. ಯಾರೋ ಮೊಬೈಲಿಗೆ ಹಾಕಿದರು, ಜನ ಬರತೊಡಗಿದರು. ಬಂಡೆ ಜಾರುತ್ತದೆಂದು ಕೆಲವರು ತಾವಾಗಿಯೇ ಚಪ್ಪಲಿ ಮೇಲೆ ಬಿಟ್ಟು ಇಳಿಯುತ್ತಿದ್ದರು. ಒಂದು ಸಂಜೆ ಎರಡು ಜೊತೆ ಉಳಿದವು. ಕುಡಿದ ಮತ್ತಿನಲ್ಲಿ ಮರೆತು ಹೋಗಿದ್ದಾರೆ ಎಂದುಕೊಂಡು ದಾಸಮ್ಮ ನಾಯಿ ಎಳೆಯದ ಹಾಗೆ ಒಳಗೆ ಎತ್ತಿಟ್ಟಳು. ಹುಡುಕಿಕೊಂಡು ಜನ ಬಂದಾಗ ಮಡುವಿನ ಕೆಳಗೆ ಇಬ್ಬರೂ ಸಿಕ್ಕಿದ್ದರು. ಬಂದವರು ಬಟ್ಟೆ ತಗೊಂಡರು, ಮೊಬೈಲು ತಗೊಂಡರು. ಚಪ್ಪಲಿಯನ್ನು ದಾಸಮ್ಮ ಕೈಯಲ್ಲಿ ಹಿಡಿದು ನಿಂತೇ ಇದ್ದಳು, ಯಾರೂ ಕೈ ಚಾಚಲಿಲ್ಲ. ಆಮೇಲೂ ಅಷ್ಟೇ, ಯಾರ ಮನೆಯವರೂ ಚಪ್ಪಲಿ ಕೇಳಿದವರಿಲ್ಲ. ಬಿಸಾಡಲು ಅವಳಿಗೆ ಕೈ ಬರಲಿಲ್ಲ. ಗೂಟ ಬಡಿದಳು.

ಅವತ್ತಿನಿಂದ ಇಳಿಯುವವರೆಲ್ಲ ಚಪ್ಪಲಿ ಬಿಡಲೇಬೇಕು ಎಂದಳು. ಸಂಜೆ ಕಲ್ಲು ಖಾಲಿಯಾದರೆ ಎಲ್ಲರೂ ಹತ್ತಿದ ಹಾಗೆ. ಒಂದು ಜೊತೆ ಉಳಿದರೂ ಕೂಗು ಹಾಕಿ ಊರವರನ್ನು ಇಳಿಸುತ್ತಿದ್ದಳು. ಎಣಿಸುವ ಹಾಗಿಲ್ಲ, ಕಣ್ಣಿಗೆ ಪೊರೆ, ಮುಖ ಕಾಣುವುದಿಲ್ಲ. ಅವಳಿಗೆ ಉಳಿದಿದ್ದ ದಾರಿ ಅದೊಂದೇ. ಆದರೆ "ನೀವು ಸತ್ರೆ ಗೊತ್ತಾಗ್ಲಿ, ಎಕ್ಕಡ ಬುಡಿ" ಎಂದರೆ ಬಂದವರು ನಕ್ಕು ಹೋಗುತ್ತಿದ್ದರು. ಒಂದು ಬೆಳಿಗ್ಗೆ ದಾಸಮ್ಮ ಕೆಳಗಿಳಿದು ಏಳು ಕಲ್ಲಿಗೆ ಅರಿಸಿನ ಕುಂಕುಮ ಬಳಿದು ಬಂದಳು. ಅಕ್ಕಯ್ಯಮ್ಮನ ಹೆಸರು ಹೇಳಿದ ಮೇಲೆ ಇಂಜಿನಿಯರುಗಳೂ ಲೇಸು ಬಿಚ್ಚಿದರು. ಈಗ ಮೊಬೈಲಿನ ಮ್ಯಾಪಿನಲ್ಲೂ ಅದು ಅಕ್ಕಯ್ಯಮ್ಮ ಫಾಲ್ಸೇ.

ಆ ಏಳು ಕಲ್ಲಿನ ಪಕ್ಕದಲ್ಲೇ ಅವತ್ತು ಬಳಗದವರು ಕಡಲೆಕಾಯಿ ತಿಂದರು. ನೀರು ಬೆಳ್ಳಗೆ, ಸಣ್ಣಗೆ, ಒಳ್ಳೆಯ ಹುಡುಗಿಯ ಹಾಗೆ ಇಳಿಯುತ್ತಿತ್ತು. ಮಡುವಿನ ನಡುವೆ ಒಂದು ಬಂಡೆ. ಅಲ್ಲಿಗೆ ಹೋಗಲು ನೀರಿನಿಂದ ತಲೆ ಎತ್ತಿದ ಗುಂಡುಗಳು. ತಲೆಯ ಮೇಲೆ ಬಿಸಿಲಿತ್ತು. ಹಳ್ಳ ಬರುವ ಕಡೆಯ ಗುಡ್ಡಗಳ ಹಿಂದೆ ಮಾತ್ರ ಆಕಾಶ ಬೂದಿಗುಂಡಿಯ ಹಾಗಿತ್ತು, ಗುಡುಗಿನ ಸದ್ದಿರಲಿಲ್ಲ. ಒಂದು ಹಕ್ಕಿಯ ದನಿಯೂ ಇರಲಿಲ್ಲ.

ನಟರಾಜು ಸೆಲ್ಫಿ ಕಡ್ಡಿಗೆ ಮೊಬೈಲು ಸಿಕ್ಕಿಸಿಕೊಂಡು ಗುಂಡುಗಳ ಮೇಲೆ ಹೆಜ್ಜೆಯಿಡುತ್ತ ನಡುಬಂಡೆಗೆ ಹೋದ. ಅಧ್ಯಕ್ಷರ ಸಂದೇಶ ರೆಕಾರ್ಡು ಮಾಡಬೇಕಿತ್ತು.

"ನಡೀರಪ್ಪ, ಕಬ್ಬಾಳಲ್ಲಿ ಮುದ್ದೆ ಆರೋಯ್ತದೆ," ಎಂದು ರಾಮಲಿಂಗಯ್ಯ ಎದ್ದ. "ಲೇ ನಟರಾಜು, ಬಾರ್ಲಾ!"

"ನೀವು ನಡೀತಾ ಇರಿ. ಸಂದೇಶ ಮುಗಿಸ್ಕಂಡು ಇಂದೇನೆ ಬತ್ತೀನಿ."

ಎಲ್ಲರೂ ಹತ್ತಿದರು. ಭಾಷಣ ಕೇಳಲು ಅಲ್ಲೇ ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ.

"ನಲ್ಮೆಯ ನಡಿಗೆದಾರ ಬಂಧುಗಳೇ," ಎಂದು ನಟರಾಜು ಶುರುಮಾಡಿದ. ಮುಗಿಸಿ ಹಾಕಿ ನೋಡಿದರೆ ಬಾಯಿ ಅಲ್ಲಾಡುತ್ತಿತ್ತು, ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ದನಿ ಏರಿಸಿ ಮತ್ತೆ ಮಾಡಿದ. ಮತ್ತೆ ಬರೀ ನೀರು. ಇನ್ನೂ ಏರಿಸಿದ. ನೀರೂ ತನಗೆ ಪೈಪೋಟಿಯಾಗಿ ದನಿ ಏರಿಸುತ್ತಿದೆ ಎಂಬುದು ಅವನ ತಲೆಗೆ ಹೋಗಲಿಲ್ಲ. ಕೊನೆಯ ಸಲ ಮಾಡಿದ್ದನ್ನು ನೋಡುವಾಗ ಗೊತ್ತಾಯಿತು. ಪರದೆಯಲ್ಲಿ ಅವನ ಕಿವಿಯ ಹಿಂದೆ ಬೀಳುತ್ತಿದ್ದ ನೀರು ಬಿಳಿಯಾಗಿ ಶುರುವಾಗಿ, 'ಆರೋಗ್ಯವೇ ಭಾಗ್ಯ' ಎನ್ನುವ ಹೊತ್ತಿಗೆ ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿತ್ತು.

ತಿರುಗಿ ನೋಡಿದ. ಅಂಬಲಿಯಲ್ಲಿ ತರಗೆಲೆ, ಕಡ್ಡಿ, ಒಂದು ಪ್ಲಾಸ್ಟಿಕ್ ಕುರ್ಚಿಯ ಕಾಲು. ಹೋಗಲು ಬಳಸಿದ್ದ ಗುಂಡುಗಳ ಕಡೆ ನೋಡಿದ. ಗುಂಡುಗಳಿರಲಿಲ್ಲ. ಅವು ಇದ್ದ ಕಡೆಯಲ್ಲಿ ನೀರು ಸಣ್ಣಗೆ ಉಬ್ಬಿ ಸುಳಿಯುತ್ತಿತ್ತು.

ಕಾಲಿಟ್ಟ. ಹೊಸ ಶೂ ಪಾಚಿಯ ಮೇಲೆ ಎಣ್ಣೆ ಸವರಿದ ಹಾಗೆ ಜಾರಿತು. ಬಂಡೆಯ ಮೇಲೆ ಬಿದ್ದ ರಭಸಕ್ಕೆ ಎಡಗಾಲಿನದು ಕಳಚಿ ನೀರಿಗೆ ಹೋಯಿತು. ಕಿತ್ತಳೆ ಚುಕ್ಕೆ ಒಂದು ಸುತ್ತು ತಿರುಗಿ ಕೆಳಗಿನ ಕೊರಕಲಿಗೆ ಇಳಿದು ಕಾಣೆಯಾಯಿತು. ನಟರಾಜು ಕೂಗಿದ. ರಾಮಲಿಂಗಯ್ಯನನ್ನು ಕೂಗಿದ, ಮಕ್ಬೂಲನನ್ನು ಕೂಗಿದ, ಕೊನೆಗೆ ಭಾನುಪ್ರಿಯಳನ್ನೂ ಕೂಗಿದ. ತನ್ನ ದನಿ ತನ್ನ ಕಿವಿಗೇ ಬೀಳದೆ ಇದ್ದದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಮೇಲಿನಿಂದ ಹಾರನ್ ಕೇಳಿಸಿತು. ಗಾಡಿ ಹೊರಡುವಾಗ ಮಕ್ಬೂಲ್ ಒತ್ತುವ ಹಾರನ್.

ಹೆದರಬಾರದು, ಎಂದು ತನಗೆ ತಾನೇ ಹೇಳಿಕೊಂಡ. ಹೋದರೆ ಹೋಗಲಿ. ಕಲ್ಲಿನ ಮೇಲೆ ಚಪ್ಪಲಿ ಉಳಿದಿರುತ್ತದಲ್ಲ. ಮುದುಕಿ ನೋಡುತ್ತಾಳೆ, ಊರವರನ್ನು ಕರೆಯುತ್ತಾಳೆ. ತಂತಿ ಹಾಕಿದ ಆ ಉಂಗುಷ್ಠ ಅವನ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು, ಮತ್ತು ನಟರಾಜು ಬಂಡೆಯ ಮೇಲೆ ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಚಪ್ಪಲಿ ಮಕ್ಬೂಲನದು. ಮಕ್ಬೂಲ್ ಗಾಡಿಯಲ್ಲಿದ್ದಾನೆ. ಗಾಡಿ ಹೋಯಿತು.

ನೀರು ಬಂಡೆಯ ಮೇಲಕ್ಕೆ ಬೆರಳು ಚಾಚತೊಡಗಿತ್ತು. ಹೋಗುವುದು, ಬರುವುದು, ಪ್ರತಿ ಸಲ ಒಸಿ ಮೇಲೆ. ಶೂ ಇದ್ದ ಬಲಗಾಲು ತಣ್ಣಗಾಗಿತ್ತು. ಆ ಕಂದು ಸ್ಯಾಂಡಲ್ಲಿನವನು ನಿಂತಿದ್ದದ್ದೂ ಈ ಬಂಡೆಯ ಮೇಲೆಯೇ ಇರಬಹುದೆ? ಅವನಿಗೂ ಯಾರಿಗಾದರೂ ಏನಾದರೂ ಸಂದೇಶ ಕೊಡುವುದಿತ್ತೇನೋ.

ಮೇಲೆ ಆಗಿದ್ದು ಇಷ್ಟು. ಎಲ್ಲರೂ ತಮ್ಮ ತಮ್ಮದನ್ನು ಮೆಟ್ಟಿಕೊಳ್ಳುವಾಗ ಮಕ್ಬೂಲ್ ತನ್ನದನ್ನೂ ಕಂಡು, ಕಾದ ರಸ್ತೆಯಲ್ಲಿ ಕುಣಿದು ಸಾಕಾಗಿದ್ದ ಕಾಲಿಗೆ ಹಾಕಿಕೊಂಡ. ಕಲ್ಲು ಖಾಲಿಯಾಯಿತು. ಟೆಂಪೋದಲ್ಲಿದ್ದವರು ಅಧ್ಯಕ್ಷರು ಕಾರಿನಲ್ಲಿದ್ದಾರೆ ಎಂದುಕೊಂಡರು, ಕಾರಿನಲ್ಲಿದ್ದವರು ಟೆಂಪೋದಲ್ಲಿದ್ದಾರೆ ಎಂದುಕೊಂಡರು. ಎರಡೂ ಗಾಡಿಯಲ್ಲಿ ಅಪರೂಪದ ನೆಮ್ಮದಿಯಿತ್ತು, ಮತ್ತು ಇನ್ನೊಂದು ಗಾಡಿಯವರ ಬಗ್ಗೆ ಮರುಕವಿತ್ತು.

ದಾಸಮ್ಮ ಖಾಲಿ ಕಲ್ಲನ್ನು ಕೈಯಿಂದ ಸವರಿ ನೋಡಿದಳು, ಅದು ಅವಳ ರೂಢಿ. ಗಡಿಗೆ ತೊಳೆದಿಟ್ಟಳು, ಮಿಕ್ಕ ಸೌತೆಕಾಯಿಗೆ ಗೋಣಿ ಮುಚ್ಚಿದಳು. ತಗಡಿನ ಬಾಗಿಲು ಎಳೆದವಳು ಅರ್ಧಕ್ಕೇ ನಿಂತಳು. ಏನೋ ಒಳಗೆ ಬರಲಿಲ್ಲ. ಮುಖವಲ್ಲ, ಮುಖ ಅವಳಿಗೆಲ್ಲಿ ಕಾಣುತ್ತದೆ? ದನಿ. ಇಳಿಯುವಾಗ ಗುಡ್ಡವೆಲ್ಲ ಅದುರುವ ಹಾಗೆ ಹೃದಯ, ಮಂಡಿ, ಸಮಾಜ ಎಂದು ಒದರಿಕೊಂಡು ಹೋದ ಒಂದು ದನಿಯಿತ್ತು, ಹಿಂದೊಮ್ಮೆ ಗೂಟದ ಚಪ್ಪಲಿಗೆ ರೇಟು ಕೇಳಿದ್ದ ದನಿಯೇ. ಹತ್ತಿ ಬಂದವರಲ್ಲಿ ಆ ದನಿ ಇರಲಿಲ್ಲ. ಅಷ್ಟು ಬಾಯಿ ಮಾಡಿಕೊಂಡು ಇಳಿದವನು ಬಾಯಿ ಮುಚ್ಚಿಕೊಂಡು ಹತ್ತುತ್ತಾನೆಯೆ? ಅವಳು ಬಸವಯ್ಯನ ದೋಟಿ ತೆಗೆದುಕೊಂಡಳು, ಹಗ್ಗದ ಸಿಂಬಿಯನ್ನು ತೋಳಿಗೆ ಏರಿಸಿಕೊಂಡಳು. ಊರಿಗೆ ಕೂಗು ಹಾಕಿ, ಊರವರು ಬರುವುದನ್ನು ಕಾಯದೆ ಇಳಿದಳು.

ನಟರಾಜು ಕಣ್ಣು ಮುಚ್ಚಿಕೊಂಡಿದ್ದ. ಕಬ್ಬಾಳಮ್ಮನಿಗೆ ಏನೇನೋ ಹರಕೆ ಹೊತ್ತುಕೊಂಡು, ಅಧ್ಯಕ್ಷಗಿರಿಯನ್ನು ಬಿಡುವ ಹರಕೆಯ ಹತ್ತಿರಕ್ಕೆ ಬಂದಿದ್ದ.

"ಓಯ್! ರೇಟ್ ಕೇಳಿದ ಸ್ವಾಮೀ!"

ಮಂದೆ ಕೂಗಿ ಪಳಗಿದ ದನಿ ನೀರಿನ ಸದ್ದನ್ನು ಸೀಳಿ ಬಂತು. ದಡದಲ್ಲಿ ಒಂದು ಬಿಳಿ ಸೆರಗು. ಹಗ್ಗದ ಒಂದು ಕೊನೆ ಆಗಲೇ ಹೊಂಗೆ ಮರಕ್ಕೆ ಸುತ್ತಿಯಾಗಿತ್ತು. ಇನ್ನೊಂದು ಕೊನೆಯನ್ನು ದೋಟಿಯ ಕೊಕ್ಕೆಗೆ ಸಿಕ್ಕಿಸಿ ದಾಸಮ್ಮ ನೀರಿನ ಮೇಲೆ ಚಾಚಿದಳು. ಬಿದಿರು ಬಾಗಿತು, ನಡುಗಿತು, ಬಂಡೆಯ ಅಂಚಿಗೆ ಬಂತು. ಮಂಕು ಬೆಳಕಲ್ಲಿ ಒಂದೇ ಕಾಲಲ್ಲಿ ಮಿಂಚುತ್ತಿದ್ದ ಕಿತ್ತಳೆ ಈಗ ಅವಳ ಪೊರೆಗಣ್ಣಿಗೂ ಬಿತ್ತು.

"ಸೊಂಟಕ್ಕೆ ಬಿಗೀರಿ! ಆ ಇನ್ನೊಂದು ಬೂಟ್ನೂ ಕಿತ್ತಾಕಿ, ಜಾರ್ತದೆ!"

"ಮೊಬೈಲು..." ಎಂದ ನಟರಾಜು. ಯಾಕೆ ಅಂದನೋ ಅವನಿಗೇ ತಿಳಿಯದು.

"ಬಾಯಲ್ಲಿ ಕಚ್ಕಳಯ್ಯ! ಅಂಗಾದ್ರೂ ಆ ಬಾಯಿ ಮುಚ್ಲಿ!"

ಸ್ವಾಮಿ ಅಯ್ಯನಾದದ್ದನ್ನು ಗಮನಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಬಿಗಿದ. ಬಿಚ್ಚಿದ. ಕಚ್ಚಿದ. ನೀರಿಗೆ ಇಳಿದ ಕೂಡಲೇ ಕಾಲ ಕೆಳಗಿನ ನೆಲ ಹೋಯಿತು. ಹೊಳೆ ಅವನನ್ನು ಎತ್ತಿ ಅಡ್ಡಕ್ಕೆ ಎಸೆಯಿತು, ಹಗ್ಗ ಹೊಟ್ಟೆಯನ್ನು ಎರಡು ಭಾಗ ಮಾಡುವ ಹಾಗೆ ಎಳೆಯಿತು. ಬಾಯಿ ತೆರೆದ, ಮೊಬೈಲು ಹೋಯಿತು, ಅಂಬಲಿ ಒಳಗೆ ಬಂತು. ಯಾವುದೋ ಮರದ ದಿಮ್ಮಿ ಅವನು ಒಂದು ಗಳಿಗೆ ಹಿಂದೆ ಇದ್ದ ಕಡೆಗೆ ಮೊಣಕೈ ಚಾಚಿಕೊಂಡು ಹಾದುಹೋಯಿತು. ಕೈಗೆ ಬಿದಿರು ಸಿಕ್ಕಿತು. ಆಮೇಲೆ ಬೇರು. ಆಮೇಲೆ ಕೊರಳಪಟ್ಟಿ ಹಿಡಿದು ಎಳೆಯುತ್ತಿದ್ದ ಒಂದು ಒರಟು ಕೈ, ಕುರಿಯ ಉಣ್ಣೆ ಹಿಡಿದು ಅಭ್ಯಾಸವಾದದ್ದು.

ದಡದಲ್ಲಿ ಅಂಗಾತ ಬಿದ್ದು ನೋಡಿದಾಗ ನಡುಬಂಡೆ ಇರಲಿಲ್ಲ. ಅರಿಸಿನ ಬಳಿದ ಏಳು ಕಲ್ಲುಗಳೂ ಮುಳುಗಿದ್ದವು.

ಬರಿಗಾಲಲ್ಲಿ ಹತ್ತುವಾಗ ನಟರಾಜು ಒಂದೂ ಮಾತಾಡಲಿಲ್ಲ. ಅರ್ಧ ದಾರಿಯಲ್ಲಿ ಊರಿನವರು ಇಬ್ಬರು ಎದುರಾದರು, ನೋಡಿದರು, ಏನೂ ಕೇಳದೆ ಅವನ ತೋಳು ಹಿಡಿದುಕೊಂಡರು. ಗುಡಿಸಲಲ್ಲಿ ದಾಸಮ್ಮ ಒಲೆ ಹಚ್ಚಿ, ಗೋಣಿ ಹೊದೆಸಿ, ಬಿಸಿ ಟೀ ಕೊಟ್ಟಳು. ಹೊರಗೆ ಸಂಜೆ ಕಪ್ಪಾಗುತ್ತಿತ್ತು. ಕೆಳಗಿನಿಂದ ಹಳ್ಳದ ಸದ್ದು ನೆಲದ ಮೂಲಕವೇ ಬರುತ್ತಿತ್ತು. ಟೀ ಆರುವ ತನಕ ಅವಳು ತನ್ನ ಕಥೆ ಹೇಳಿದಳು: ಮಂದೆ, ತಡಿಕೆಯ ಬಾಗಿಲು, ಮೊದಲ ಎರಡು ಜೊತೆ. ದನಿ ಬಾರದೆ ಅನುಮಾನ ಬಂದದ್ದನ್ನೂ ಹೇಳಿದಳು. ಹೊಗಳಿಕೆಯೋ ಬೈಗುಳವೋ ನಟರಾಜುವಿಗೆ ಬಗೆಹರಿಯಲಿಲ್ಲ.

ಕಬ್ಬಾಳಿನಲ್ಲಿ ಅಧ್ಯಕ್ಷರಿಲ್ಲದ್ದು ಬೆಳಕಿಗೆ ಬಂದದ್ದು ಊಟ ಮುಗಿದ ಮೇಲೆ. ಭಾಷಣವಿಲ್ಲದೆ ಎಲೆ ಹಾಕಿದ್ದು ಯಾಕೆಂದು ಯಾರೂ ಕೇಳಿರಲಿಲ್ಲ, ಕೇಳಿದರೆ ಎಲ್ಲಿ ಶುರುವಾಗುತ್ತದೋ ಎಂಬ ಭಯ. ಟೆಂಪೋ ಹುಚ್ಚು ಹಿಡಿದ ಹಾಗೆ ವಾಪಸು ಬಂತು. ಮಕ್ಬೂಲ್ ಓಡಿಬಂದು ಬಾಗಿಲಲ್ಲಿ ನಿಂತ. ನಟರಾಜುವನ್ನು ನೋಡಿದ, ಆಮೇಲೆ ತನ್ನ ಕಾಲಲ್ಲಿದ್ದ ಚಪ್ಪಲಿಯನ್ನು ನೋಡಿದ. ಸದ್ದಿಲ್ಲದೆ ಅದನ್ನು ಬಾಗಿಲಾಚೆ ಬಿಟ್ಟು ಒಳಗೆ ಬಂದ.

ನಟರಾಜು ತೊಲೆಯ ಕಡೆಗೇ ನೋಡುತ್ತಿದ್ದ. ಒಲೆಯ ಬೆಳಕಿಗೆ ಚಪ್ಪಲಿಗಳ ನೆರಳುಗಳು ತಗಡಿನ ಮೇಲೆ ನಡೆಯುವ ಹಾಗೆ ಅಲ್ಲಾಡುತ್ತಿದ್ದವು. ಕಂದು ಸ್ಯಾಂಡಲ್ಲಿನ ಪಕ್ಕ ಒಂದು ಗೂಟ ಖಾಲಿಯಿತ್ತು. ಮೂಲೆಯಲ್ಲಿತ್ತು, ರಸ್ತೆಯಿಂದ ನೋಡುವವರಿಗೆ ಅಷ್ಟಾಗಿ ಕಾಣುವ ಜಾಗವಲ್ಲ. ಸಭೆಯಲ್ಲಿ ತನ್ನ ಕುರ್ಚಿ ಎಲ್ಲಿ ಹಾಕಿದ್ದಾರೆ ಎಂದು ವಿಚಾರಿಸುವವನ ದನಿ, ನಡುಗುತ್ತಲಾದರೂ, ಅವನ ಗಂಟಲಿಗೆ ವಾಪಸು ಬಂತು.

"ಅಮ್ಮಾ, ಒಂದ್ ವೇಳೆ ನಾನು ಬರ್ದೇ ಇದ್ದಿದ್ರೆ... ನಂದ್ನ ಯಾವ ಗೂಟಕ್ಕೆ ಹಾಕ್ತಿದ್ದೆ? ಆ ಮೂಲೇದಕ್ಕಾ?"

ದಾಸಮ್ಮ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದು ನೀರು ಚಿಮುಕಿಸಿದಳು.

"ನೀನೇನ್ ಬುಟ್ಟೋಗಿದ್ದೆ, ಹಾಕಕ್ಕೆ?"